ಕನ್ನಡ ವೆಬ್ ಪುಟಗಳಿಗೆ ಶೀರ್ಷಿಕೆಗಳಿಂದಲೇ ಪರಿವಿಡಿ ಕಟ್ಟುವ ಬಗೆ

ವೆಬ್ ಪುಟದ ಪರಿವಿಡಿಯನ್ನು ಕೈಯಾರೆ ಬರೆದಿಟ್ಟರೆ ಅದು ಬಹಳ ದಿನ ಸರಿಯಾಗಿ ಉಳಿಯುವುದಿಲ್ಲ. ಲೇಖನಕ್ಕೆ ಹೊಸ ಭಾಗವೊಂದು ಸೇರಿದಾಗ, ಶೀರ್ಷಿಕೆಯೊಂದರ ಮಾತು ಬದಲಾದಾಗ, ಎರಡು ಭಾಗಗಳು ಹಿಂದುಮುಂದಾದಾಗ ಪರಿವಿಡಿಯನ್ನೂ ತಿದ್ದಬೇಕೆಂಬುದು ಯಾರ ನೆನಪಿಗೂ ಬರುವುದಿಲ್ಲ. ಆದ್ದರಿಂದ ಪುಟದಲ್ಲಿ ಈಗಾಗಲೇ ಇರುವ ಶೀರ್ಷಿಕೆಗಳನ್ನು ಓದಿ ಪರಿವಿಡಿಯನ್ನು ಪ್ರೋಗ್ರಾಂ ತಾನೇ ಕಟ್ಟುವಂತೆ ಮಾಡುವುದು ಲೇಸು. ಈ ಕೆಲಸದ ಕ್ರಮ ಎಲ್ಲ ಭಾಷೆಗಳಿಗೂ ಒಂದೇ. ಆದರೆ ಸಿದ್ಧವಾಗಿ ದೊರೆಯುವ ಸಾಧನಗಳಲ್ಲಿ ಹಲವು ಇಂಗ್ಲಿಷ್ ಅಕ್ಷರಗಳನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಬರೆದಂಥವಾದ್ದರಿಂದ, ಕನ್ನಡ ಶೀರ್ಷಿಕೆಗಳು ಎದುರಾದಾಗ ಅವು ಸದ್ದಿಲ್ಲದೆ ಎಡವುತ್ತವೆ. ಪಟ್ಟಿ ಕಟ್ಟುವುದು ಸಣ್ಣ ಕೆಲಸ. ಪ್ರತಿಯೊಂದು ಶೀರ್ಷಿಕೆಗೂ ಬಾಳಿಕೆ ಬರುವ ಐಡಿಯನ್ನು, ಅಂದರೆ ಕೊಂಡಿಗಳು ಅದನ್ನು ಗುರುತಿಸುವ ಹೆಸರನ್ನು, ಕೊಡುವುದೇ ನಿಜವಾದ ಕೆಲಸ. ಅದಕ್ಕಾಗಿ ಈ ಬರಹದಲ್ಲಿ ಹೆಚ್ಚಿನ ಜಾಗವನ್ನು ಅದಕ್ಕೇ ಕೊಡಲಾಗಿದೆ.

ಉದಾಹರಣೆಗೆಂದು ರಾಗಿ, ಜೋಳ, ಭತ್ತ ಈ ಮೂರು ಬೆಳೆಗಳ ಬೇಸಾಯವನ್ನು ವಿವರಿಸುವ ಒಂದು ಪುಟವನ್ನು ಇಟ್ಟುಕೊಳ್ಳೋಣ. ಪ್ರತಿಯೊಂದು ಬೆಳೆಯ ಹೆಸರು ಒಂದು ಮುಖ್ಯ ಶೀರ್ಷಿಕೆ. ಅದರ ಕೆಳಗೆ ಬಿತ್ತನೆ, ಗೊಬ್ಬರ, ಕೊಯ್ಲು ಎಂಬ ಉಪಶೀರ್ಷಿಕೆಗಳಿವೆ.

ಮೊದಲು ಶೀರ್ಷಿಕೆಗಳನ್ನೇ ಸರಿಪಡಿಸಿ

ಎಚ್‌ಟಿಎಂಎಲ್‌ನಲ್ಲಿ, ಅಂದರೆ ವೆಬ್ ಪುಟಗಳನ್ನು ಬರೆಯುವ ಭಾಷೆಯಲ್ಲಿ, ಎಚ್1ರಿಂದ ಎಚ್6ರವರೆಗೆ ಆರು ಹಂತದ ಶೀರ್ಷಿಕೆಗಳಿವೆ. ಪುಟದ ಹೆಸರಿಗೆ ಎಚ್1, ಬೆಳೆಗಳ ಹೆಸರಿಗೆ ಎಚ್2, ಬಿತ್ತನೆ, ಗೊಬ್ಬರಗಳಿಗೆ ಎಚ್3 ಎಂದು ಇಟ್ಟುಕೊಂಡರೆ ಪರಿವಿಡಿಯ ಚೌಕಟ್ಟು ತಾನಾಗಿಯೇ ಸಿದ್ಧವಾದಂತೆ. ಸಾಲನ್ನು ದಪ್ಪಕ್ಷರದಲ್ಲಿ ಬರೆದು ಅಕ್ಷರದ ಗಾತ್ರ ಹೆಚ್ಚಿಸಿದ ಮಾತ್ರಕ್ಕೆ ಅದು ಶೀರ್ಷಿಕೆಯಾಗುವುದಿಲ್ಲ; ಕಣ್ಣಿಗೆ ಹಾಗೆ ಕಂಡರೂ ಪ್ರೋಗ್ರಾಂಗೆ ಅದು ಸಾಮಾನ್ಯ ಪ್ಯಾರಾ ಮಾತ್ರ. ಅದೇ ರೀತಿ, ಎಚ್2ರ ಅಕ್ಷರಗಳು ತೀರಾ ದೊಡ್ಡದಾಗಿ ಕಾಣುತ್ತವೆಂಬ ಕಾರಣಕ್ಕೆ ಎಚ್4 ಬಳಸುವುದು ಸಲ್ಲದು, ಏಕೆಂದರೆ ಗಾತ್ರವನ್ನು ತಿದ್ದಬೇಕಾದ ಜಾಗ ಪುಟದ ರೂಪವನ್ನು ನಿರ್ಧರಿಸುವ ಭಾಷೆಯಾದ ಸಿಎಸ್‌ಎಸ್.

ಸೆಕ್ಷನ್ ಟ್ಯಾಗುಗಳನ್ನು ಒಂದರೊಳಗೊಂದು ಇಟ್ಟು ಎಲ್ಲ ಕಡೆಯೂ ಎಚ್1 ಬಳಸಿದರೆ ಹಂತವನ್ನು ಬ್ರೌಸರೇ ಲೆಕ್ಕ ಹಾಕುತ್ತದೆ ಎಂಬ ಸಲಹೆ ಹಳೆಯ ಪಾಠಗಳಲ್ಲಿ ಇನ್ನೂ ಕಾಣಸಿಗುತ್ತದೆ. ಎಚ್‌ಟಿಎಂಎಲ್5ರ ನಿಯಮಾವಳಿಯಲ್ಲಿ ಆ ಕ್ರಮವನ್ನು ಬರೆದಿದ್ದದ್ದು ನಿಜ. ಆದರೆ ಯಾವ ಬ್ರೌಸರೂ ಅದನ್ನು ಪೂರ್ತಿಯಾಗಿ ಜಾರಿಗೆ ತರಲಿಲ್ಲ, 2022ರಲ್ಲಿ ನಿಯಮಾವಳಿಯಿಂದಲೇ ಅದನ್ನು ತೆಗೆದುಹಾಕಲಾಯಿತು. ಆದ್ದರಿಂದ ಹಂತವನ್ನು ಟ್ಯಾಗಿನ ಅಂಕಿಯಲ್ಲೇ ಹೇಳಬೇಕು.

ಹಳೆಯ ಕನ್ನಡ ತಾಣಗಳನ್ನು ನೋಡಿಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ, ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಗೊತ್ತುಪಡಿಸಿದ ಸಂಕೇತ ವ್ಯವಸ್ಥೆ) ಅಲ್ಲದ ಸಂಕೇತದಲ್ಲಿ ಟೈಪ್ ಮಾಡಿದ ಶೀರ್ಷಿಕೆಗಳು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆಯೇ ಮುಂದಿನ ಹೆಜ್ಜೆ.

ಪರಿವಿಡಿಯನ್ನು ಎಲ್ಲಿ ಕಟ್ಟಬೇಕು

ಎರಡು ದಾರಿಗಳಿವೆ. ಪುಟವನ್ನು ಸಿದ್ಧಪಡಿಸುವಾಗಲೇ, ಅಂದರೆ ಸರ್ವರ್‌ನಲ್ಲಿ ಅಥವಾ ಹ್ಯೂಗೋ, ಜೆಕಿಲ್‌ನಂಥ ಪುಟ ತಯಾರಿಸುವ ಸಾಧನದಲ್ಲಿ ಪರಿವಿಡಿಯನ್ನು ಸೇರಿಸುವುದು ಒಂದು. ಪುಟ ಓದುಗರ ಬ್ರೌಸರ್ ತಲುಪಿದ ಮೇಲೆ ಜಾವಾಸ್ಕ್ರಿಪ್ಟ್‌ನಿಂದ ಕಟ್ಟುವುದು ಇನ್ನೊಂದು. ಮೊದಲನೆಯದು ಸಾಧ್ಯವಿದ್ದಲ್ಲಿ ಎರಡನೆಯದರ ಗೊಡವೆಗೆ ಹೋಗಬೇಡಿ. ಬ್ರೌಸರ್‌ನಲ್ಲಿ ತಡವಾಗಿ ಕಟ್ಟಿದ ಪರಿವಿಡಿ ಪುಟದ ಮೇಲ್ಭಾಗಕ್ಕೆ ಸೇರಿಕೊಂಡಾಗ, ಅಷ್ಟರಲ್ಲಿ ಓದಲು ಶುರು ಮಾಡಿದವರ ಕಣ್ಣೆದುರೇ ಬರಹ ಕೆಳಕ್ಕೆ ಜಾರುತ್ತದೆ. ಇದಕ್ಕಿಂತ ದೊಡ್ಡ ತೊಡಕು ಕೊಂಡಿಗಳದು. ಯಾರಾದರೂ ‘ಗೊಬ್ಬರ’ ಭಾಗಕ್ಕೆ ನೇರ ಕೊಂಡಿ ಕಳುಹಿಸಿದ್ದರೆ, ಬ್ರೌಸರ್ ವಿಳಾಸದಲ್ಲಿ # ಚಿಹ್ನೆಯ ನಂತರ ಇರುವ ಐಡಿಯನ್ನು ಪುಟ ತೆರೆದುಕೊಳ್ಳುವ ಹೊತ್ತಿನಲ್ಲಿ ಹುಡುಕುತ್ತದೆ. ಆ ಐಡಿಯನ್ನು ನಿಮ್ಮ ಪ್ರೋಗ್ರಾಂ ಆಮೇಲೆ ಅಂಟಿಸಿದರೆ ಓದುಗರು ಪುಟದ ಮೇಲ್ತುದಿಯಲ್ಲೇ ನಿಂತುಬಿಡುತ್ತಾರೆ. ಅನಿವಾರ್ಯವಾಗಿ ಬ್ರೌಸರ್‌ನಲ್ಲಿಯೇ ಕಟ್ಟುವುದಾದರೆ, ಐಡಿಗಳನ್ನು ಕೊಟ್ಟು ಮುಗಿದ ಕೂಡಲೇ ವಿಳಾಸದ ಆ ಭಾಗವನ್ನು ಓದಿ, ಅದರಲ್ಲಿರುವ ಶೇಕಡಾ ಚಿಹ್ನೆಯ ಸಂಕೇತಗಳನ್ನು ಮತ್ತೆ ಕನ್ನಡಕ್ಕೆ ಬಿಡಿಸಿ, ಆ ಶೀರ್ಷಿಕೆಯ ಬಳಿಗೆ ಪುಟವನ್ನು ನೀವೇ ಸರಿಸಬೇಕು.

ಸಿದ್ಧ ಸಾಧನಗಳ ಪೈಕಿ ಹ್ಯೂಗೋ ಪೂರ್ವನಿಯೋಜಿತವಾಗಿ ಎಚ್2 ಮತ್ತು ಎಚ್3 ಹಂತಗಳನ್ನು ಮಾತ್ರ ಪರಿವಿಡಿಗೆ ತೆಗೆದುಕೊಳ್ಳುತ್ತದೆ. ದಾಖಲೆಗಳನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ಪ್ಯಾಂಡಾಕ್ ಮೂರು ಹಂತಗಳವರೆಗೆ ಇಳಿಯುತ್ತದೆ. ವಿಕಿಪೀಡಿಯದ ಹಿಂದಿರುವ ಮೀಡಿಯಾವಿಕಿ ತಂತ್ರಾಂಶ ಪುಟದಲ್ಲಿ ಕನಿಷ್ಠ ನಾಲ್ಕು ಶೀರ್ಷಿಕೆಗಳಿದ್ದರೆ ಮಾತ್ರ ಪರಿವಿಡಿಯನ್ನು ತಾನಾಗಿ ಸೇರಿಸುವ ಪದ್ಧತಿಯನ್ನು ಇಟ್ಟುಕೊಂಡಿದೆ. ಎರಡೇ ಹಂತ, ನಾಲ್ಕಕ್ಕಿಂತ ಕಡಿಮೆಯಿದ್ದರೆ ಪರಿವಿಡಿಯೇ ಬೇಡ ಎಂಬ ಈ ಅಳತೆ ಹೆಚ್ಚಿನ ಕನ್ನಡ ಲೇಖನಗಳಿಗೂ ಸರಿಹೊಂದುತ್ತದೆ. ಪರಿವಿಡಿಯೇ ಪುಟದಷ್ಟು ಉದ್ದವಾದರೆ ಅದನ್ನು ಯಾರೂ ಓದುವುದಿಲ್ಲ.

ಶೀರ್ಷಿಕೆಗಳನ್ನು ಆರಿಸುವುದು

ಇಡೀ ಪುಟದಲ್ಲಿರುವ ಶೀರ್ಷಿಕೆಗಳನ್ನೆಲ್ಲ ಬಾಚಿಕೊಳ್ಳಬಾರದು. ಬದಿಯ ಪಟ್ಟಿಯಲ್ಲಿರುವ ‘ಇತ್ತೀಚಿನ ಬರಹಗಳು’, ಅಡಿಯಲ್ಲಿರುವ ‘ನಮ್ಮನ್ನು ಸಂಪರ್ಕಿಸಿ’ ಇವೂ ಶೀರ್ಷಿಕೆಗಳೇ ಆಗಿರುತ್ತವೆ. ಲೇಖನವನ್ನು ಹೊತ್ತಿರುವ ಆರ್ಟಿಕಲ್ ಅಥವಾ ಮೇನ್ ಟ್ಯಾಗನ್ನು ಮೊದಲು ಹಿಡಿದು, ಅದರೊಳಗಿನ ಎಚ್2, ಎಚ್3ಗಳನ್ನು ಮಾತ್ರ ಕ್ವೆರಿ ಸೆಲೆಕ್ಟರ್ ಆಲ್ ಎಂಬ ಜಾವಾಸ್ಕ್ರಿಪ್ಟ್ ವಿಧಾನಕ್ಕೆ ಒಂದೇ ಬಾರಿಗೆ ಕೇಳಿದರೆ, ಅವು ಪುಟದಲ್ಲಿರುವ ಕ್ರಮದಲ್ಲೇ ಕೈಗೆ ಬರುತ್ತವೆ. ಎಚ್2ಗಳನ್ನು ಬೇರೆ, ಎಚ್3ಗಳನ್ನು ಬೇರೆ ಕೇಳಿದರೆ ಕ್ರಮ ಕಳೆದುಹೋಗಿ ಆಮೇಲೆ ಜೋಡಿಸಲು ಹೆಣಗಬೇಕಾಗುತ್ತದೆ.

ಶೀರ್ಷಿಕೆಯ ಮಾತನ್ನು ತೆಗೆದುಕೊಳ್ಳುವಾಗ ಅದರ ಒಳಗಿನ ಎಚ್‌ಟಿಎಂಎಲ್ ಅನ್ನು ಹಾಗೆಯೇ ನಕಲಿಸದೆ ಬರಿಯ ಪಠ್ಯವನ್ನು ತೆಗೆದುಕೊಳ್ಳಿ. ಶೀರ್ಷಿಕೆಯೊಳಗೆ ಅಡಿಟಿಪ್ಪಣಿಯ ಅಂಕಿಯಿರಬಹುದು, ಕೊಂಡಿಯಿರಬಹುದು, ‘ಈ ಭಾಗದ ಕೊಂಡಿ’ ಎಂದು ತೋರಿಸುವ # ಗುರುತಿರಬಹುದು. ಅವು ಪರಿವಿಡಿಗೆ ಬಂದರೆ ಕೊಂಡಿಯೊಳಗೊಂದು ಕೊಂಡಿಯಾಗಿ ಎಚ್‌ಟಿಎಂಎಲ್ ನಿಯಮ ಮುರಿಯುತ್ತದೆ, ‘ಗೊಬ್ಬರ’ ಎಂಬುದು ‘ಗೊಬ್ಬರ3’ ಆಗಿ ಕಾಣುತ್ತದೆ. ಶೀರ್ಷಿಕೆಯ ಪ್ರತಿಯೊಂದನ್ನು ಮಾಡಿಕೊಂಡು, ಪ್ರತಿಯಿಂದ ಈ ಭಾಗಗಳನ್ನು ಕಿತ್ತುಹಾಕಿ, ಉಳಿದ ಪಠ್ಯವನ್ನು ಬಳಸುವುದು ಸರಿಯಾದ ಕ್ರಮ. ಓದುಗರೇ ಬರೆದು ಸೇರಿಸುವ ಪುಟಗಳಲ್ಲಿ ಇದು ಸುರಕ್ಷತೆಯ ಪ್ರಶ್ನೆಯೂ ಹೌದು: ಪಠ್ಯವನ್ನು ಪಠ್ಯವಾಗಿಯೇ ಇಟ್ಟರೆ, ಶೀರ್ಷಿಕೆಯಲ್ಲಿ ಯಾರಾದರೂ ಸ್ಕ್ರಿಪ್ಟ್ ತುರುಕಿದ್ದರೂ ಅದು ಪರಿವಿಡಿಯಲ್ಲಿ ಓಡುವುದಿಲ್ಲ.

ಐಡಿ ಕೊಡುವುದು

ಪರಿವಿಡಿಯ ಪ್ರತಿಯೊಂದು ಸಾಲೂ ಶೀರ್ಷಿಕೆಯ ಐಡಿಗೆ ಕೊಂಡಿ ಹಾಕಿಕೊಂಡಿರುತ್ತದೆ. ಶೀರ್ಷಿಕೆಗೆ ಈಗಾಗಲೇ ಐಡಿ ಇದ್ದರೆ ಅದನ್ನು ಮುಟ್ಟಬಾರದು, ಏಕೆಂದರೆ ಅದನ್ನು ನಂಬಿಕೊಂಡ ಕೊಂಡಿಗಳು ಬೇರೆಡೆ ಇರಬಹುದು. ಇಲ್ಲದಿದ್ದಲ್ಲಿ ಶೀರ್ಷಿಕೆಯ ಮಾತಿನಿಂದಲೇ ಐಡಿಯನ್ನು ತಯಾರಿಸುವುದು ರೂಢಿ, ಮತ್ತು ಕನ್ನಡಕ್ಕೆ ಕಂಟಕ ಬರುವುದು ಇಲ್ಲಿಯೇ.

ಸಾಮಾನ್ಯ ಸೂತ್ರ ಹೀಗಿರುತ್ತದೆ: ಅಕ್ಷರ, ಅಂಕಿಗಳನ್ನು ಉಳಿಸಿ, ಚಿಹ್ನೆಗಳನ್ನು ತೆಗೆದುಹಾಕಿ, ಖಾಲಿ ಜಾಗಗಳಿಗೆ ಅಡ್ಡಗೆರೆ ಹಾಕಿ. ಆದರೆ ‘ಅಕ್ಷರ’ ಎಂದರೆ ಯಾವುದು ಎಂಬುದನ್ನು ಪ್ರತಿಯೊಂದು ಸಾಧನವೂ ತನ್ನದೇ ರೀತಿಯಲ್ಲಿ ತೀರ್ಮಾನಿಸುತ್ತದೆ. ಜಾವಾಸ್ಕ್ರಿಪ್ಟ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಪಠ್ಯದಲ್ಲಿ ಮಾದರಿಗಳನ್ನು ಹುಡುಕುವ ಸೂತ್ರದಲ್ಲಿ) ಪದದ ಅಕ್ಷರವೆಂದು ಸೂಚಿಸುವ ಸಂಕೇತಕ್ಕೆ ಇಂಗ್ಲಿಷಿನ 26 ಅಕ್ಷರಗಳು, ಹತ್ತು ಅಂಕಿಗಳು ಮತ್ತು ಅಡಿಗೆರೆ ಮಾತ್ರ ಗೊತ್ತು. ಕನ್ನಡ ಶೀರ್ಷಿಕೆ ಅದರ ಜರಡಿಯಲ್ಲಿ ಪೂರ್ತಿ ಸೋರಿಹೋಗಿ ಏನೂ ಉಳಿಯುವುದಿಲ್ಲ. ಮಾರ್ಕ್‌ಡೌನ್ ಬರಹವನ್ನು ಎಚ್‌ಟಿಎಂಎಲ್‌ಗೆ ತಿರುಗಿಸುವ ಪೈಥಾನ್-ಮಾರ್ಕ್‌ಡೌನ್‌ನ ಪರಿವಿಡಿ ವಿಸ್ತರಣೆಯೂ ಪೂರ್ವನಿಯೋಜಿತ ಸ್ಥಿತಿಯಲ್ಲಿ ಆಸ್ಕಿಗೆ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಹಳೆಯ ಸಂಕೇತಕ್ಕೆ) ಸೇರದ ಅಕ್ಷರಗಳನ್ನೆಲ್ಲ ಬಿಸಾಡಿ, ಉಳಿದ ಖಾಲಿಗೆ ಅಡಿಗೆರೆಯೊಂದಿಗೆ 1, 2, 3 ಎಂದು ಅಂಕಿ ಕೊಡುತ್ತದೆ. ಅದೇ ಬಗೆಯ ಇನ್ನೊಂದು ಸಾಧನವಾದ ಕ್ರ್ಯಾಮ್‌ಡೌನ್‌ನ ಮೂಲ ನಿಯಮ ಇಂಥ ಶೀರ್ಷಿಕೆಗಳಿಗೆಲ್ಲ ‘ಸೆಕ್ಷನ್’, ‘ಸೆಕ್ಷನ್-1’ ಎಂದು ಹೆಸರಿಡುತ್ತದೆ. ಪರಿವಿಡಿ ಆಗಲೂ ಕೆಲಸ ಮಾಡುತ್ತದೆ, ಒತ್ತಿದರೆ ಸರಿಯಾದ ಜಾಗಕ್ಕೇ ಹೋಗುತ್ತದೆ, ಹೀಗಾಗಿ ದೋಷ ಯಾರ ಗಮನಕ್ಕೂ ಬರುವುದಿಲ್ಲ. ಆದರೆ ನಾಳೆ ರಾಗಿಗೂ ಮುಂಚೆ ‘ಮಣ್ಣು’ ಎಂಬ ಹೊಸ ಭಾಗವನ್ನು ಸೇರಿಸಿದಿರೆಂದರೆ ಎಲ್ಲ ಅಂಕಿಗಳೂ ಒಂದೊಂದು ಮುಂದಕ್ಕೆ ಜರುಗುತ್ತವೆ, ನಿನ್ನೆ ‘ಬಿತ್ತನೆ’ ಎಂದು ಹಂಚಿಕೊಂಡ ಕೊಂಡಿ ಇಂದು ‘ರಾಗಿ’ಯ ಬಳಿ ತಂದು ನಿಲ್ಲಿಸುತ್ತದೆ. ಕೊಂಡಿ ಮುರಿದರೆ ತಪ್ಪಿದೆಯೆಂದಾದರೂ ತಿಳಿಯುತ್ತದೆ. ತಪ್ಪು ಜಾಗಕ್ಕೆ ಹೋಗುವ ಕೊಂಡಿ ಅದಕ್ಕಿಂತ ಕೆಟ್ಟದ್ದು.

ಇದನ್ನು ಅರಿತವರು ಯೂನಿಕೋಡ್‌ನ ‘ಲೆಟರ್’ ವರ್ಗವನ್ನು ಬಳಸಿ ಎಲ್ಲ ಭಾಷೆಗಳ ಅಕ್ಷರಗಳನ್ನೂ ಉಳಿಸಲು ಹೊರಡುತ್ತಾರೆ. ಅದು ಅರ್ಧ ದಾರಿ ಮಾತ್ರ. ಕನ್ನಡದ ಸ್ವರಗಳು ಮತ್ತು ವ್ಯಂಜನಗಳು ಆ ವರ್ಗದಲ್ಲಿವೆ. ಆದರೆ ಕೊಂಬು, ಗುಡಿಸು, ಏತ್ವ, ಅರ್ಕಾವತ್ತಿನಲ್ಲೂ ಒತ್ತಕ್ಷರದಲ್ಲೂ ನಡುವೆ ನಿಲ್ಲುವ ಹಲಂತದ ಚಿಹ್ನೆ, ಅನುಸ್ವಾರ, ಇವೆಲ್ಲ ‘ಮಾರ್ಕ್’ ಎಂಬ ಬೇರೆ ವರ್ಗಕ್ಕೆ ಸೇರಿವೆ. ಲೆಟರ್ ವರ್ಗವನ್ನಷ್ಟೇ ಉಳಿಸಿದರೆ ‘ಕೃಷಿ’ ಎಂಬುದು ‘ಕಷ’ ಆಗುತ್ತದೆ, ‘ಬಿತ್ತನೆ’ ಎಂಬುದು ‘ಬತತನ’ ಆಗುತ್ತದೆ. ‘ಬೆಳೆ’ಯೂ ‘ಬಳ’, ‘ಬಾಳೆ’ಯೂ ‘ಬಳ’ ಆಗಿ ಎರಡು ಬೇರೆ ಶೀರ್ಷಿಕೆಗಳು ಒಂದೇ ಐಡಿಗೆ ಬಂದು ಬೀಳುತ್ತವೆ. ಪೈಥಾನ್‌ನ ಅಂತರ್ಗತ ರೆಗ್ಯುಲರ್ ಎಕ್ಸ್‌ಪ್ರೆಶನ್ ಘಟಕವೂ ಪದದ ಅಕ್ಷರಗಳನ್ನು ಗುರುತಿಸುವಾಗ ಈ ಗುಣಿತ ಚಿಹ್ನೆಗಳನ್ನು ಬಿಟ್ಟುಬಿಡುವುದರಿಂದ, ಜ್ಯಾಂಗೋದಂಥ ಚೌಕಟ್ಟುಗಳಲ್ಲಿ ಯೂನಿಕೋಡ್ ಆಯ್ಕೆಯನ್ನು ಹಾಕಿದ ಮೇಲೂ ಇದೇ ಫಲ ಸಿಗುತ್ತದೆ. ಆದ್ದರಿಂದ ಲೆಟರ್, ಮಾರ್ಕ್, ನಂಬರ್ ಈ ಮೂರೂ ವರ್ಗಗಳನ್ನು ಉಳಿಸಿ, ಮಿಕ್ಕದ್ದನ್ನು ಮಾತ್ರ ತೆಗೆಯುವಂತೆ ಸೂತ್ರವನ್ನು ಬರೆಯಿರಿ. ಜಾವಾಸ್ಕ್ರಿಪ್ಟ್‌ನಲ್ಲಿ 2018ರ ಆವೃತ್ತಿಯಿಂದ ಈ ವರ್ಗಗಳನ್ನು ನೇರವಾಗಿ ಹೆಸರಿಸುವ ಅನುಕೂಲವಿದೆ, ಆದರೆ ಅದಕ್ಕೆ ಯೂನಿಕೋಡ್ ಫ್ಲ್ಯಾಗ್ ಹಾಕಿರಬೇಕು.

ಇನ್ನೆರಡು ಸೂಕ್ಷ್ಮಗಳಿವೆ. ‘ಗೊಬ್ಬರ’ದಲ್ಲಿರುವ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಕೊಂಬು ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು, ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಓತ್ವ, ಏತ್ವ, ಐತ್ವ, ದೀರ್ಘದ ಗುಡಿಸುಗಳಿಗೂ ಇದೇ ಮಾತು. ಐಡಿ ತಯಾರಿಸುವ ಮೊದಲು ಪಠ್ಯವನ್ನು ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥ ಜೋಡಿಗಳನ್ನು ಒಂದೇ ಸಂಕೇತವಾಗಿಸುವ ರೂಪಕ್ಕೆ, ತಂದುಕೊಂಡರೆ ಈ ಭೇದ ಅಳಿಯುತ್ತದೆ. ಎರಡನೆಯದು, ‘ಸಾಫ್ಟ್‌ವೇರ್’ ಎಂಬಂಥ ಪದಗಳಲ್ಲಿ ಒತ್ತಕ್ಷರ ಆಗದಂತೆ ತಡೆಯಲು ನಡುವೆ ಹಾಕುವ ಅಗೋಚರ ಸಂಕೇತ. ಒಬ್ಬರು ಅದನ್ನು ಹಾಕುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ಮೇಲಿನ ಮೂರು ವರ್ಗಗಳಲ್ಲಿ ಯಾವುದಕ್ಕೂ ಸೇರದ ಕಾರಣ ಅದು ಐಡಿಯಿಂದ ತಾನಾಗಿ ಉದುರಿಹೋಗುತ್ತದೆ, ಹೋಗಲಿ. ಆದರೆ ಓದುಗರಿಗೆ ಕಾಣುವ ಪರಿವಿಡಿಯ ಸಾಲಿನಲ್ಲಿ ಅದು ಉಳಿಯಲೇಬೇಕು. ಅಂದರೆ ಐಡಿಗೆಂದು ಶುಚಿ ಮಾಡಿದ ಪಠ್ಯವನ್ನೇ ಪರಿವಿಡಿಯಲ್ಲಿ ತೋರಿಸಬಾರದು.

ಒಂದೇ ಪುಟದಲ್ಲಿ ಒಂದು ಐಡಿ ಒಮ್ಮೆ ಮಾತ್ರ ಇರಬೇಕು. ನಮ್ಮ ಉದಾಹರಣೆಯಲ್ಲಿ ‘ಗೊಬ್ಬರ’ ಮೂರು ಕಡೆ ಬರುತ್ತದೆ. ಹೆಚ್ಚಿನ ಸಾಧನಗಳು ಎರಡನೆಯದಕ್ಕೆ ‘ಗೊಬ್ಬರ-1’, ಮೂರನೆಯದಕ್ಕೆ ‘ಗೊಬ್ಬರ-2’ ಎಂದು ಕೊಡುತ್ತವೆ. ಬೆಳೆಗಳ ಕ್ರಮ ಬದಲಾದರೆ ಮತ್ತೆ ಮೇಲೆ ಹೇಳಿದ ತಪ್ಪು ಜಾಗದ ತೊಂದರೆಯೇ. ತಾಯಿ ಶೀರ್ಷಿಕೆಯ ಐಡಿಯನ್ನು ಮುಂದಿಟ್ಟು ‘ರಾಗಿ-ಗೊಬ್ಬರ’, ‘ಜೋಳ-ಗೊಬ್ಬರ’ ಎಂದು ಮಾಡಿದರೆ ಭಾಗಗಳು ಎಲ್ಲಿ ಸರಿದರೂ ಐಡಿ ಹಾಗೆಯೇ ಉಳಿಯುತ್ತದೆ. ಅಂಕಿ ಸೇರಿಸುವ ಕ್ರಮವನ್ನು ಅದಾದ ಮೇಲೂ ಘರ್ಷಣೆ ಉಳಿದಲ್ಲಿ ಮಾತ್ರ ಬಳಸಿ.

ಕನ್ನಡದಲ್ಲಿಯೇ ಐಡಿ ಇಡಬಹುದೇ ಎಂದರೆ, ಧಾರಾಳವಾಗಿ ಇಡಬಹುದು. ಈಗಿನ ಎಚ್‌ಟಿಎಂಎಲ್ ನಿಯಮದಂತೆ ಐಡಿಯಲ್ಲಿ ಕನಿಷ್ಠ ಒಂದು ಅಕ್ಷರವಿರಬೇಕು, ಖಾಲಿ ಜಾಗ ಇರಬಾರದು, ಅಷ್ಟೇ. ತೊಡಕು ಕೊಂಡಿಯನ್ನು ಹಂಚಿಕೊಳ್ಳುವಾಗ ಕಾಣುತ್ತದೆ. ಕನ್ನಡದ ಪ್ರತಿಯೊಂದು ಸಂಕೇತ ಯುಟಿಎಫ್-8ರಲ್ಲಿ ಮೂರು ಬೈಟ್ ಹಿಡಿಯುತ್ತದೆ, ವಿಳಾಸದಲ್ಲಿ ಪ್ರತಿ ಬೈಟ್‌ಗೂ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಂಕಿಗಳು ಬೇಕಾಗುತ್ತವೆ. ‘ಗೊಬ್ಬರ’ದಲ್ಲಿ ಆರು ಸಂಕೇತಗಳಿರುವುದರಿಂದ ಆ ಒಂದು ಪದ ವಿಳಾಸದಲ್ಲಿ 54 ಅಕ್ಷರಗಳ ಸರಪಳಿಯಾಗುತ್ತದೆ; ವಾಟ್ಸಾಪ್‌ನಲ್ಲಿ ಅಂಟಿಸಿದಾಗ ಅದನ್ನು ನೋಡಿದವರು ಒತ್ತಲು ಹಿಂಜರಿದರೆ ಆಶ್ಚರ್ಯವಿಲ್ಲ. ಬಹುಕಾಲ ಬಾಳಬೇಕಾದ, ಬೇರೆ ಕಡೆಗಳಿಂದ ಉಲ್ಲೇಖಿಸಲಾಗುವ ಪುಟಗಳಲ್ಲಿ, ಉದಾಹರಣೆಗೆ ಕೈಪಿಡಿ, ನಿಯಮಾವಳಿ, ಅರ್ಜಿ ಸಲ್ಲಿಸುವ ಮಾಹಿತಿಗಳಲ್ಲಿ, ಪ್ರತಿ ಶೀರ್ಷಿಕೆಗೂ ಇಂಗ್ಲಿಷ್ ಲಿಪಿಯಲ್ಲಿ ಒಂದು ಚಿಕ್ಕ ಐಡಿಯನ್ನು ಲೇಖಕರೇ ಬರೆಯುವುದು ಉತ್ತಮ ಎಂದು ನಾನು ಹೇಳುತ್ತೇನೆ. ಕೊಂಡಿ ಚಿಕ್ಕದಾಗುತ್ತದೆ, ಆಮೇಲೆ ಶೀರ್ಷಿಕೆಯ ಕಾಗುಣಿತ ತಿದ್ದಿದರೂ ಮುರಿಯುವುದಿಲ್ಲ. ದಿನದಿನದ ಬರಹಗಳಿಗೆ ಅಷ್ಟು ಶ್ರಮ ಬೇಕಿಲ್ಲ. ಅಲ್ಲಿ ಮೇಲಿನ ಸೂತ್ರ ತಯಾರಿಸುವ ಕನ್ನಡ ಐಡಿಯೇ ಸಾಕು.

ಪಟ್ಟಿಯನ್ನು ಹೆಣೆಯುವುದು

ಸಾಲಾಗಿ ಬಂದ ಶೀರ್ಷಿಕೆಗಳನ್ನು ಒಂದರೊಳಗೊಂದು ಇರುವ ಪಟ್ಟಿಯಾಗಿ ಹೆಣೆಯಲು ಸ್ಟ್ಯಾಕ್ ಒಂದನ್ನು ಇಟ್ಟುಕೊಳ್ಳುವುದು ಸುಲಭದ ಉಪಾಯ. ಒಂದರ ಮೇಲೊಂದು ಪೇರಿಸಿದ ತಟ್ಟೆಗಳ ಅಟ್ಟಿಯಂತೆ, ಇದರಲ್ಲಿ ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯಬೇಕು. ಅಡಿಯಲ್ಲಿ ಪುಟವನ್ನೇ ಪ್ರತಿನಿಧಿಸುವ, ಹಂತ 1 ಎಂದು ಗುರುತಿಸಿದ ಒಂದು ಖಾಲಿ ಅಂಶವನ್ನು ಇಡಿ. ಪ್ರತಿಯೊಂದು ಶೀರ್ಷಿಕೆ ಬಂದಾಗ, ಮೇಲ್ತುದಿಯಲ್ಲಿರುವ ಅಂಶದ ಹಂತ ಹೊಸದರ ಹಂತಕ್ಕೆ ಸಮ ಅಥವಾ ಅದಕ್ಕಿಂತ ದೊಡ್ಡ ಅಂಕಿಯಾಗಿರುವಷ್ಟು ಹೊತ್ತು ಅದನ್ನು ತೆಗೆಯುತ್ತ ಹೋಗಿ. ತೆಗೆದು ಮುಗಿದಾಗ ಮೇಲೆ ಉಳಿದದ್ದೇ ಹೊಸ ಶೀರ್ಷಿಕೆಯ ತಾಯಿ. ಅದರ ಮಕ್ಕಳ ಪಟ್ಟಿಗೆ ಹೊಸದನ್ನು ಸೇರಿಸಿ, ಆಮೇಲೆ ಅದನ್ನು ಸ್ಟ್ಯಾಕಿನ ಮೇಲಿಡಿ.

ನಮ್ಮ ಪುಟದಲ್ಲಿ ಇದು ನಡೆಯುವ ರೀತಿಯನ್ನು ನೋಡಿ. ‘ರಾಗಿ’ಯ ಹಂತ 2, ಮೇಲಿರುವುದು ಹಂತ 1ರ ಪುಟ, ಆದ್ದರಿಂದ ರಾಗಿ ಪುಟದ ಮಗುವಾಗಿ ಸೇರಿತು. ‘ಬಿತ್ತನೆ’ಯ ಹಂತ 3, ಮೇಲಿರುವುದು ರಾಗಿ, ಆದ್ದರಿಂದ ಅದು ರಾಗಿಯ ಮಗು. ‘ಗೊಬ್ಬರ’ವೂ ಹಂತ 3ರದು, ಮೇಲಿರುವ ಬಿತ್ತನೆ ಸಮಾನ ಹಂತದ್ದಾದ್ದರಿಂದ ಅದನ್ನು ತೆಗೆದಾಗ ರಾಗಿ ಕಾಣಿಸಿತು, ಗೊಬ್ಬರವೂ ರಾಗಿಯ ಮಗುವಾಯಿತು. ‘ಜೋಳ’ ಬಂದಾಗ ಮೇಲಿರುವ ಉಪಶೀರ್ಷಿಕೆಯೂ ರಾಗಿಯೂ ಹೊರಬಿದ್ದು ಮತ್ತೆ ಪುಟವೇ ತಾಯಿಯಾಯಿತು. ಲೇಖಕರು ಎಚ್2ರಿಂದ ಒಮ್ಮೆಲೇ ಎಚ್4ಕ್ಕೆ ಹಾರಿದ್ದರೂ ಈ ಕ್ರಮದಲ್ಲಿ ಖಾಲಿ ಪಟ್ಟಿಗಳು ಹುಟ್ಟುವುದಿಲ್ಲ, ಹತ್ತಿರದ ಮೇಲಿನ ಹಂತಕ್ಕೆ ಅದು ಅಂಟಿಕೊಳ್ಳುತ್ತದೆ. ಒಂದೊಂದು ಹಂತಕ್ಕೂ ಒಂದೊಂದು ಯುಎಲ್ (ಪಟ್ಟಿಯ ಟ್ಯಾಗು) ತೆರೆದು ಮುಚ್ಚುವ ಎಣಿಕೆಯ ವಿಧಾನದಲ್ಲಿ ಇದೇ ಜಾಗದಲ್ಲಿ ಪಟ್ಟಿ ಚದುರಿಹೋಗುತ್ತದೆ. ಹೀಗೆ ಸಿದ್ಧವಾದ ಮರವನ್ನು ಒಎಲ್ (ಕ್ರಮಸಂಖ್ಯೆಯ ಪಟ್ಟಿ) ಮತ್ತು ಪಟ್ಟಿಯ ಒಂದೊಂದು ಸಾಲನ್ನು ಹೊರುವ ಎಲ್‌ಐ ಟ್ಯಾಗುಗಳಾಗಿ ಬರೆಯುವಾಗ, ಒಳಗಿನ ಪಟ್ಟಿ ತಾಯಿಯ ಎಲ್‌ಐ ಟ್ಯಾಗಿನೊಳಗೇ ಇರಬೇಕು ಎಂಬುದನ್ನು ಮರೆಯಬಾರದು.

ಕಾಣುವ ರೀತಿ, ಕೇಳುವ ರೀತಿ

ಪಟ್ಟಿಯನ್ನು ನ್ಯಾವ್ ಟ್ಯಾಗಿನೊಳಗಿಟ್ಟು ಅದಕ್ಕೆ ಏರಿಯಾ-ಲೇಬಲ್ ಮೂಲಕ ‘ಪರಿವಿಡಿ’ ಎಂದು ಹೆಸರು ಕೊಡಿ. ಹೆಸರಿನಲ್ಲಿ ‘ನ್ಯಾವಿಗೇಶನ್’ ಎಂದು ಸೇರಿಸಬೇಕಾಗಿಲ್ಲ, ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಅದನ್ನು ತಾನೇ ಹೇಳುತ್ತದೆ. ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ ಬಳಸುವವರು ಕೀಲಿಮಣೆಯ ಎಚ್ ಕೀಲಿಯಿಂದ ಶೀರ್ಷಿಕೆಯಿಂದ ಶೀರ್ಷಿಕೆಗೆ, 1ರಿಂದ 6ರ ಅಂಕಿಗಳಿಂದ ಆಯಾ ಹಂತದ ಶೀರ್ಷಿಕೆಗಳಿಗೆ ಹಾರುತ್ತಾರೆ. ಮೊದಲ ಹೆಜ್ಜೆಯಲ್ಲಿ ಹಂತಗಳನ್ನು ಸರಿಪಡಿಸಿದ್ದು ಅವರಿಗೂ ಒದಗುತ್ತದೆ. ಪುಟದ ಭಾಷೆ ಕನ್ನಡವೆಂದು ಲ್ಯಾಂಗ್ ಗುಣದಲ್ಲಿ ಸೂಚಿಸದಿದ್ದರೆ ಓದುವ ಧ್ವನಿ ಕನ್ನಡಕ್ಕೆ ಬದಲಾಗದೆ ಹೋಗಬಹುದು.

ಕ್ರಮಸಂಖ್ಯೆಗಳನ್ನು ಕನ್ನಡ ಅಂಕಿಗಳಲ್ಲಿ ಬಯಸುವವರು ಸಿಎಸ್‌ಎಸ್‌ನ ಲಿಸ್ಟ್-ಸ್ಟೈಲ್-ಟೈಪ್ ಗುಣಕ್ಕೆ ‘ಕನ್ನಡ’ ಎಂಬ ಬೆಲೆಯನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ೧, ೨, ೩ ತಾನಾಗಿ ಬರುತ್ತವೆ. ೧.೨ ಎಂಬಂತೆ ಒಳಹಂತದ ಸಂಖ್ಯೆಯೂ ಬೇಕಾದರೆ ಸಿಎಸ್‌ಎಸ್ ಕೌಂಟರ್‌ಗಳನ್ನು ಬಳಸಬೇಕು. ಸಂಖ್ಯೆಯನ್ನು ಶೀರ್ಷಿಕೆಯ ಮಾತಿನಲ್ಲೇ ಕೈಯಾರೆ ಬರೆದಿದ್ದರೆ ಎರಡೆರಡು ಸಂಖ್ಯೆಗಳು ಕಾಣುವುದರಿಂದ ಯಾವುದಾದರೂ ಒಂದನ್ನು ಬಿಡಿ.

ಬದಿಯ ಕಿರಿದಾದ ಅಂಕಣದಲ್ಲಿ ಪರಿವಿಡಿಯನ್ನು ಇಡುವಾಗ ಸಾಲಿನ ಎತ್ತರವನ್ನು ಸ್ವಲ್ಪ ಹೆಚ್ಚಿಸಿ, ಇಲ್ಲವಾದರೆ ಒಂದು ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗುತ್ತವೆ. ಉದ್ದನೆಯ ಶೀರ್ಷಿಕೆಯನ್ನು ಇಂತಿಷ್ಟು ಅಕ್ಷರಕ್ಕೆ ಕತ್ತರಿಸುವ ಪ್ರೋಗ್ರಾಂ ಬರೆಯಬೇಡಿ. ಸಂಕೇತಗಳನ್ನು ಎಣಿಸಿ ಕತ್ತರಿಸಿದರೆ ಗುಣಿತದ ನಡುವೆಯೇ ಕತ್ತರಿ ಬಿದ್ದು ‘ಕೊಯ್ಲು’ ಎಂಬುದು ‘ಕೊಯ್’ ಎಂದು ನಿಲ್ಲುತ್ತದೆ. ಕತ್ತರಿಸಲೇಬೇಕೆಂದಿದ್ದರೆ ಜಾವಾಸ್ಕ್ರಿಪ್ಟ್‌ನ ಇಂಟಲ್ ಸೆಗ್ಮೆಂಟರ್ ಬಳಸಿ ಪದದ ಗಡಿಯಲ್ಲಿ ಕತ್ತರಿಸಿ.

ಪುಟದ ತಲೆಯಲ್ಲಿ ಕದಲದೆ ನಿಲ್ಲುವ ಪಟ್ಟಿಯಿದ್ದರೆ, ಪರಿವಿಡಿಯ ಸಾಲನ್ನು ಒತ್ತಿದಾಗ ಶೀರ್ಷಿಕೆ ಅದರ ಹಿಂದೆ ಅಡಗಿಕೊಳ್ಳುತ್ತದೆ. ಶೀರ್ಷಿಕೆಗಳಿಗೆ ಸ್ಕ್ರೋಲ್-ಮಾರ್ಜಿನ್-ಟಾಪ್ ಎಂಬ ಸಿಎಸ್‌ಎಸ್ ಗುಣದಲ್ಲಿ ಆ ಪಟ್ಟಿಯ ಎತ್ತರದಷ್ಟು ಜಾಗ ಬಿಟ್ಟರೆ ಸಾಕು, ಬೇರೆ ಯಾವ ಸರ್ಕಸ್ಸೂ ಬೇಡ. ಮೊಬೈಲಿನಲ್ಲಿ ಪರಿವಿಡಿಯನ್ನು ಮಡಚಿಡಲು ಡೀಟೇಲ್ಸ್ ಮತ್ತು ಸಮ್ಮರಿ ಟ್ಯಾಗುಗಳು ಜಾವಾಸ್ಕ್ರಿಪ್ಟ್ ಇಲ್ಲದೆಯೇ ಕೆಲಸ ಮಾಡುತ್ತವೆ. ಈಗ ಓದುತ್ತಿರುವ ಭಾಗವನ್ನು ಪರಿವಿಡಿಯಲ್ಲಿ ಎತ್ತಿ ತೋರಿಸಬೇಕೆಂದರೆ ಸ್ಕ್ರೋಲ್ ಆದಾಗಲೆಲ್ಲ ಲೆಕ್ಕ ಹಾಕುವ ಬದಲು, ಒಂದು ಭಾಗ ಪರದೆಗೆ ಬಂದಾಗ ತಿಳಿಸುವ ಇಂಟರ್‌ಸೆಕ್ಷನ್ ಅಬ್ಸರ್ವರ್ ಬಳಸಿ, ಆ ಸಾಲಿಗೆ ಏರಿಯಾ-ಕರೆಂಟ್ ಗುಣವನ್ನೂ ಸೇರಿಸಿ.

ಪ್ರಕಟಿಸುವ ಮುನ್ನ

ಪುಟದಲ್ಲಿರುವ ಎಲ್ಲ ಐಡಿಗಳನ್ನು ಒಂದೆಡೆ ಕೂಡಿಸಿ, ಎರಡು ಬಾರಿ ಬಂದದ್ದು ಯಾವುದಾದರೂ ಇದೆಯೇ, ಖಾಲಿಯಾಗಿ ಉಳಿದದ್ದು ಇದೆಯೇ, ಬರಿಯ ಅಂಕಿಯಾಗಿರುವುದು ಇದೆಯೇ ಎಂದು ನೋಡಿ. ಪರೀಕ್ಷೆಗೆಂದು ಆರಿಸಿಕೊಳ್ಳುವ ಶೀರ್ಷಿಕೆಗಳಲ್ಲಿ ಒತ್ತಕ್ಷರ, ಅನುಸ್ವಾರ, ಒತ್ವ, ಅಗೋಚರ ಸಂಕೇತವಿರುವ ಇಂಗ್ಲಿಷ್ ಮೂಲದ ಪದ, ಆವರಣ ಚಿಹ್ನೆ ಇವೆಲ್ಲ ಇರಲಿ. ಒಂದು ಉಪಶೀರ್ಷಿಕೆಯ ಕೊಂಡಿಯನ್ನು ನಕಲಿಸಿ ಇನ್ನೊಂದು ಫೋನಿನಲ್ಲಿ ತೆರೆದು, ಪುಟ ನೇರವಾಗಿ ಅಲ್ಲಿಗೇ ಹೋಗುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಪರಿವಿಡಿಯೊಳಗಿಂದ ಒತ್ತಿ ನೋಡುವುದಷ್ಟೇ ಸಾಲದು, ಏಕೆಂದರೆ ಆ ಹೊತ್ತಿಗೆ ಐಡಿಗಳೆಲ್ಲ ಸಿದ್ಧವಾಗಿರುತ್ತವೆ.

ಪ್ರಕಟವಾದ ಮೇಲೆ ಶೀರ್ಷಿಕೆಯನ್ನು ಬದಲಿಸಬೇಕಾಗಿ ಬಂದರೆ, ಉದಾಹರಣೆಗೆ ‘ಗೊಬ್ಬರ’ವನ್ನು ‘ಗೊಬ್ಬರ ಮತ್ತು ನೀರು’ ಎಂದು ಮಾಡಿದರೆ, ಸೂತ್ರ ಹೊಸ ಐಡಿ ಕೊಡುತ್ತದೆ, ಹಳೆಯ ಕೊಂಡಿಗಳು ನಿಂತುಹೋಗುತ್ತವೆ. ಹಳೆಯ ಐಡಿಯನ್ನೇ ಹೊಸ ಶೀರ್ಷಿಕೆಗೆ ಕೈಯಾರೆ ಬರೆದುಕೊಡಿ. ಅದು ಆಗದ ವ್ಯವಸ್ಥೆಯಲ್ಲಿ, ಶೀರ್ಷಿಕೆಗೆ ಸ್ವಲ್ಪ ಮೇಲೆ ಹಳೆಯ ಐಡಿಯನ್ನು ಹೊತ್ತ ಖಾಲಿ ಸ್ಪ್ಯಾನ್ ಟ್ಯಾಗೊಂದನ್ನು ಇಟ್ಟರೆ ಅದೇ ಕೆಲಸವಾಗುತ್ತದೆ. ಅದು ಶೀರ್ಷಿಕೆಯಲ್ಲವಾದ್ದರಿಂದ ಪರಿವಿಡಿಗೆ ಬರುವುದಿಲ್ಲ.